ಏಳನೇ ಗುಂಡಿ

ದಾರ ಮುಗಿದರೆ ಕಥೆ ಮುಗಿಯಿತು. ಇದು ಟೈಲರಜ್ಜಿಯ ಕಾನೂನು. ಸೂಜಿಗೆ ಎರಡು ಮೊಳ ದಾರ ಪೋಣಿಸಿ, ತುದಿಗೆ ಗಂಟು ಹಾಕಿ, ಯಾರದೋ ಪ್ಯಾಂಟಿನ ಕಾಲು ಮಡಚಿ ಹೊಲಿಯಲು ಕೂತಳೆಂದರೆ ಕಥೆ ಶುರು. ದಾರ ತೀರಿ ಹಲ್ಲಿನಿಂದ ಕಡಿದಳೆಂದರೆ, ರಾಕ್ಷಸ ಬಾಗಿಲು ತಟ್ಟುತ್ತಿದ್ದರೂ ಸರಿಯೇ, ಹುಡುಗಿ ಬಾವಿಗೆ ಬೀಳುತ್ತಿದ್ದರೂ ಸರಿಯೇ, ಅವತ್ತಿಗೆ ಅಷ್ಟೇ. ಹನ್ನೆರಡು ವರ್ಷದ ಮೊಮ್ಮಗಳು ಶಾಲೆಯಿಂದ ಬಂದವಳೇ ಚೀಲ ಎಸೆದು, ಸೂಜಿಗೆ ತಾನೇ ದಾರ ಪೋಣಿಸಿ ಕೊಡುತ್ತಿದ್ದಳು. ಬಾಯಿಗೆ ಬೀಗವೇ ಇಲ್ಲದ್ದರಿಂದ ಅವಳಿಗೆ ಗಿಣಿ ಎಂದೇ ಹೆಸರಾಗಿತ್ತು. ಕಳ್ಳಿ, ಎರಡು ಮೊಳ ಅಂದರೆ ನಾಲ್ಕು ಮೊಳ ಎಳೆಯುತ್ತಿದ್ದಳು. "ಉದ್ದ ದಾರಕ್ಕೆ ಸಿಕ್ಕು ಜಾಸ್ತಿ ಕಣೇ," ಎಂದು ಅಜ್ಜಿ ಗದರುತ್ತಿದ್ದಳೇ ಹೊರತು ದಾರ ಕತ್ತರಿಸುತ್ತಿರಲಿಲ್ಲ.

ಅಜ್ಜಿ ಹೀಗೆ ಹೇಳಿದ ಕಥೆಯೇ ಈಗ ಪೇಟೆಯ ಪುಸ್ತಕದಂಗಡಿಗಳಲ್ಲಿ ಆರು ಪುಸ್ತಕವಾಗಿ ಕೂತಿತ್ತು. ಮಾಲೆಯ ಹೆಸರು 'ಏಳು ಗುಂಡಿಗಳ ಕೋಟು'. ಕೆಂಪು ಕೋಟಿನ ಒಬ್ಬ ಹುಡುಗಿ. ಒಂದೊಂದು ಗುಂಡಿ ಬಿಚ್ಚಿದಾಗ ಒಂದೊಂದು ಲೋಕದ ಬಾಗಿಲು ತೆರೆಯುತ್ತದೆ. ಒಂದರಲ್ಲಿ ನೆರಳುಗಳನ್ನು ಮಾರುವ ಸಂತೆ, ಇನ್ನೊಂದರಲ್ಲಿ ಗಡಿಯಾರ ನುಂಗಿದ ಮೀನಿನ ಕೆರೆ. ಗುಂಡಿಗೊಂದು ಪುಸ್ತಕ. ರಕ್ಷಾಪುಟದ ಮೇಲೆ ದಪ್ಪ ಅಕ್ಷರದಲ್ಲಿ ಅಜ್ಜಿಯ ಮಗನ ಹೆಸರು. ಅವನು ಮೊದಲು ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುತ್ತಿದ್ದ. ಅಮ್ಮ ಕಥೆ ಹೇಳುವಾಗ ಪಕ್ಕದ ಕೋಣೆಯ ಬಾಗಿಲು ಅರ್ಧ ತೆರೆದಿಟ್ಟು ನೋಟ್‌ಬುಕ್ ಹಿಡಿದು ಕೂರುತ್ತಿದ್ದ. ಮೂರನೇ ಪುಸ್ತಕ ಬಂದ ಮೇಲೆ ಕೆಲಸ ಬಿಟ್ಟು ಪೂರಾ ಲೇಖಕನಾದ. ಪ್ರತಿ ಅಧ್ಯಾಯವೂ ಓದುಗರು ಉಸಿರು ಬಿಗಿಹಿಡಿಯುವಲ್ಲಿ ನಿಲ್ಲುತ್ತದೆ, ಅದೇ ಈ ಲೇಖಕರ ಕೈಚಳಕ ಎಂದು ಪತ್ರಿಕೆಗಳು ಹೊಗಳಿದವು. ಕೈಚಳಕವಂತೆ, ಮಣ್ಣಾಂಗಟ್ಟಿ! ಅಜ್ಜಿಯ ದಾರ ಮುಗಿದ ಜಾಗ ಅದು.

ಮೊದಮೊದಲು ಅಜ್ಜಿಗೂ ಹಿಗ್ಗೇ. ಮಗನ ಹೆಸರು ಅಚ್ಚಾದರೆ ಯಾವ ತಾಯಿಗೆ ಹೊಟ್ಟೆ ಉರಿಯುತ್ತದೆ? ಆರು ಪುಸ್ತಕ ಕಾದಳು. ಒಂದೇ ಒಂದು ಸಾಲಿಗಾಗಿ ಕಾದಳು: ಕಥೆ ಹೇಳಿದವಳು ಇಂಥವಳು, ಅಂತ. ಆ ಸಾಲು ಬರಲಿಲ್ಲ.

ಜಗಳ ಹುಟ್ಟಿದ್ದು ಒಂದು ಭಾನುವಾರ, ಬೆಳಗಿನ ತಿಂಡಿಯ ಹೊತ್ತಿಗೆ. ಸೊಸೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು, ಕೂತು ಚಹಾ ಕುಡಿಯುವ ಭಾಗ್ಯ ಅವಳಿಗೆ ವಾರಕ್ಕೊಂದೇ ದಿನ. ಗಂಡನ ಸಂದರ್ಶನ ಬಂದ ಪತ್ರಿಕೆ ಹಿಡಿದು ಜೋರಾಗಿ ಓದಿದಳು.

"'ಇಷ್ಟೊಂದು ಕಥೆಗಳು ನಿಮಗೆ ಎಲ್ಲಿಂದ ಬರುತ್ತವೆ?' ಅಂತ ಕೇಳಿದಾರೆ. ಅದಕ್ಕೆ ನೀವು, 'ಬೆಳಗಿನ ಜಾವ ಒಬ್ಬನೇ ನಡೆಯುವಾಗ ತಾವಾಗಿಯೇ ಬಂದು ಕೈ ಹಿಡಿಯುತ್ತವೆ' ಅಂದಿದೀರಿ."

ಓದಿ ಮುಗಿಸುವಷ್ಟರಲ್ಲಿ ಅವಳಿಗೇ ಎಡವಟ್ಟಾಯಿತೆಂದು ಗೊತ್ತಾಯಿತು. ಅಜ್ಜಿ ಬೇಯಿಸಿದ ಮೊಟ್ಟೆಯ ಸಿಪ್ಪೆ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಬೆಳಗಿನ ಜಾವ ಎಷ್ಟೊತ್ತಿಗೆ ನಡೀತೀಯಪ್ಪಾ ನೀನು?"

"ಅಮ್ಮ, ಪತ್ರಿಕೆಯವರು ಏನೋ ಬರ್ಕೋತಾರೆ, ಬಿಡು."

"ಅಲ್ಲ, ಒಂಬತ್ತು ಗಂಟೆವರೆಗೂ ಒಳಗಡೆಯಿಂದ ಗೊರಕೆ ಕೇಳುತ್ತಲ್ಲ, ಅದು ಯಾರದು ಅಂತ."

ಗಿಣಿ ಕಿಸಕ್ಕೆಂದಳು. ಅವಳಮ್ಮ ಮೇಜಿನಡಿ ಚಿವುಟಿದಳು.

"ಆರು ಪುಸ್ತಕ ಆಯ್ತು," ಎಂದಳು ಅಜ್ಜಿ. "ಕೊನೇ ಪುಟದಲ್ಲಾದ್ರೂ, ಇರುವೆಯಷ್ಟು ಅಕ್ಷರದಲ್ಲಾದ್ರೂ ನನ್ನ ಹೆಸರು ಹಾಕಿದ್ಯಾ?"

"ಹೇಳೋದು ಬೇರೆ, ಬರೆಯೋದು ಬೇರೆ ಅಮ್ಮ. ನೀನು ಹೇಳಿದ್ದನ್ನ ಹಾಗೇ ಅಚ್ಚು ಹಾಕಿದ್ರೆ ಯಾರು ಓದ್ತಾರೆ? ಒಂದೊಂದು ಪುಟಾನೂ ಹತ್ತು ಸಲ ಬರೆದಿದೀನಿ ನಾನು. ನೀನೇ ಹೇಳು, ಬಟ್ಟೆ ತಂದುಕೊಟ್ಟವರ ಹೆಸರು ಅಂಗಿ ಮೇಲೆ ಇರುತ್ತಾ?"

"ಹೊಲಿದವಳ ಹೆಸರೂ ಇರಲ್ಲ ಮಗನೇ. ಅಂಗಡಿಯವನ ಲೇಬಲ್ ಇರುತ್ತೆ. ಮೂವತ್ತೆಂಟು ವರ್ಷ ಆ ಲೇಬಲ್ಲನ್ನ ನನ್ನ ಕೈಯಾರೆ ನಾನೇ ಹೊಲಿದಿದೀನಿ." ಅಜ್ಜಿ ಮೊಟ್ಟೆಯನ್ನು ತಟ್ಟೆಯಲ್ಲಿ ಇಟ್ಟಳು, ತಿನ್ನಲಿಲ್ಲ. "ನನ್ನ ಹೊಟ್ಟೇಲೂ ಒಬ್ಬ ಅಂಗಡಿಯವನು ಹುಟ್ಟಿದಾನೆ ಅಂತ ಗೊತ್ತಿರ್ಲಿಲ್ಲ."

"ನೋಡಿದ್ಯಾ, ನೋಡಿದ್ಯಾ ಮಾತು!" ಎಂದು ಮಗ ಹೆಂಡತಿಯ ಕಡೆ ತಿರುಗಿದ.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಈ ಮನೇಲಿ ಕೆಸರು ಒಬ್ಬರಿಗೆ, ಮೊಸರು ಇನ್ನೊಬ್ಬರಿಗೆ. ಏಳನೇ ಪುಸ್ತಕ ನೀನು ನಡೆಯುವಾಗಲೇ ಬಂದು ಕೈ ಹಿಡೀಲಿ."

ಅಂದಿನಿಂದ ಅಜ್ಜಿ ಬಾಯಿ ಹೊಲಿದುಕೊಂಡಳು. ಗಿಣಿ ಸೂಜಿ ಪೋಣಿಸಿಕೊಟ್ಟರೆ ತೆಗೆದುಕೊಳ್ಳುವಳು, ಹೊಲಿಯುವಳು, ದಾರ ಕಡಿಯುವಳು. ಕಥೆಯ ಸುದ್ದಿಯಿಲ್ಲ. "ಒಂದು ಗೇಣು ದಾರದಷ್ಟಾದ್ರೂ ಹೇಳಜ್ಜಿ," ಎಂದು ಹುಡುಗಿ ಗೋಗರೆದರೆ, "ನಿಮ್ಮಪ್ಪನ್ನ ಕೇಳು, ದೊಡ್ಡ ಲೇಖಕರು," ಎನ್ನುವಳು. ಗಿಣಿಯ ಕಣ್ಣು ತುಂಬಿದ್ದನ್ನು ಕಂಡು ಅಜ್ಜಿಗೂ ಸಂಕಟವೇ. ಆದರೆ ಹಟ ಅಂದರೆ ಹಟ.

ಪ್ರಕಾಶಕ ದಿನಕ್ಕೆರಡು ಸಲ ಫೋನ್ ಮಾಡತೊಡಗಿದ. ಏಳನೇ ಪುಸ್ತಕದ ಪ್ರಚಾರ ಆಗಲೇ ಶುರುವಾಗಿತ್ತು. ಮಕ್ಕಳು ಕಾಗದ ಬರೆದು ಕೇಳುತ್ತಿದ್ದರು, ಕೊನೆಯ ಗುಂಡಿಯ ಬಾಗಿಲು ಎಲ್ಲಿಗೆ ತೆರೆಯುತ್ತದೆ ಎಂದು. ಮಗ ಬಾಗಿಲು ಹಾಕಿಕೊಂಡು ಮೂರು ವಾರ ಬರೆದ. ಒಂದು ಸಂಜೆ ಊಟಕ್ಕೆ ಮುಂಚೆ ಗಿಣಿಯನ್ನು ಕೂರಿಸಿಕೊಂಡು ಓದಿ ಹೇಳಿದ. ಸಪ್ಪೆಸಪ್ಪೆಯಾದ ಒಂದು ಡ್ರ್ಯಾಗನ್ನು, ಒಂದು ಮಂತ್ರದಂಡ, ಒಬ್ಬ ರಾಜಕುಮಾರ.

"ಹೇಗಿದೆ?"

"ಚೆನ್ನಾಗಿದೆ ಅಪ್ಪ," ಎಂದಳು ಗಿಣಿ. ಸುಮ್ಮನಿರಬಹುದಿತ್ತು. ಆದರೆ ಗಿಣಿಯಲ್ಲವೇ. "ಆದ್ರೆ ಇದು ಅಜ್ಜಿದಲ್ಲ ಅಂತ ಗೊತ್ತಾಗಿಬಿಡುತ್ತೆ."

ಪ್ರಕಾಶಕನೂ ಹಸ್ತಪ್ರತಿ ಹಿಂದಕ್ಕೆ ಕಳಿಸಿದ. ಜೊತೆಯಲ್ಲೊಂದು ಚೀಟಿ: 'ಇದು ನೀವು ಬರೆದ ಹಾಗೇ ಇಲ್ಲವಲ್ಲ!' ಅಜ್ಜಿಗೆ ಅದು ಗೊತ್ತಾದಾಗ ನಗು ಬಂತು. ನಕ್ಕ ಮೇಲೆ ಯಾಕೋ ಊಟ ಸೇರಲಿಲ್ಲ.

ಮನೆ ಹದಗೆಟ್ಟಿತು. ತಾಯಿ ಮಗ ಒಂದೇ ಮೇಜಿಗೆ ಕೂರುವುದು ನಿಂತಿತು. "ಉಪ್ಪು ಕೊಡು ಅಂತ ನಿಮ್ಮಜ್ಜಿಗೆ ಹೇಳು," ಎಂದು ಅವನು, "ಕೈಯಿದೆಯಲ್ಲ, ತಗೋ ಅಂತ ನಿಮ್ಮಪ್ಪನಿಗೆ ಹೇಳು," ಎಂದು ಇವಳು. ಗಿಣಿ ನಡುವೆ ಅಂಚೆಯವಳಾದಳು. ಸೊಸೆ ಎರಡು ಪಾಳಿ ಒಪ್ಪಿಕೊಂಡು ಸಂಜೆ ಕಾಲು ಊದಿಸಿಕೊಂಡು ಬರುತ್ತಿದ್ದಳು. ಒಂದು ದಿನ ಎಲೆಕೋಸು ಹೆಚ್ಚುತ್ತಿದ್ದವಳು ಚಾಕುವನ್ನು ಮಣೆಯ ಮೇಲೆ ಕುಕ್ಕಿದಳು.

"ಅತ್ತೆ, ನಿಮ್ಮಿಬ್ಬರ ಜಗಳದಲ್ಲಿ ಸವೀತಿರೋಳು ನಾನು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನೋ ಹಾಗಾಯ್ತು."

"ಅವನಿಗೆ ಹೇಳಮ್ಮ. ಒಂದು ಸಾಲಿನ ಪ್ರಶ್ನೆ."

"ಹೇಳಿ ಹೇಳಿ ಗಂಟಲು ಹರ್ಕೊಂಡೆ. ಆರು ಪುಸ್ತಕ ನಂದೇ ಅಂದು, ಏಳನೇದರಲ್ಲಿ ಅಮ್ಮಂದು ಅಂದ್ರೆ ಜನ ಉಗೀತಾರೆ ಅಂತಾರೆ. ತಪ್ಪು ಅವರದೇ, ನಾನು ಇಲ್ಲ ಅನ್ನಲ್ಲ. ಆದ್ರೂ ಅತ್ತೆ, ಒಂದೇ ಒಂದು ಕಥೆ. ಏಳನೇದು ಹೇಳಿಬಿಡಿ."

"ಏಳನೇದು ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲಮ್ಮ. ಕೋಟಲ್ಲೂ ಇಲ್ಲ, ಕಥೇಲೂ ಇಲ್ಲ."

ಕೋಟು ಅಂದದ್ದು ನಿಜವಾದ ಕೋಟನ್ನೇ. ಅಜ್ಜಿಯ ಪೆಟ್ಟಿಗೆಯ ತಳದಲ್ಲಿ, ಹಳೇ ಹಾಸಿಗೆ ಬಟ್ಟೆಯಲ್ಲಿ ಸುತ್ತಿದ ಒಂದು ಕೆಂಪು ಉಣ್ಣೆಯ ಕೋಟಿತ್ತು. ಆರೇಳು ವರ್ಷದ ಮಗುವಿನ ಅಳತೆಯದು. ಏಳು ಕಾಜಾ ಹೊಡೆದಿತ್ತು, ಗುಂಡಿ ಮಾತ್ರ ಆರು. ಮನೆಯವರೆಲ್ಲ ಅದನ್ನು ಕಂಡವರೇ. ಏಳನೆಯದು ಎಲ್ಲಿ ಅಂತ ಕೇಳಿದವರು ಯಾರೂ ಇಲ್ಲ.

ಕೇಳಿದವಳು ಗಿಣಿ. ಪರೀಕ್ಷೆ ಮುಗಿದ ರಜೆಯ ಮಧ್ಯಾಹ್ನ, ಮನೆಯಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೇ. ಹುಡುಗಿ ಗುಂಡಿಗಳ ತಗಡಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಅಂಟಿ ಕೂತಿದ್ದಳು. ಮುಚ್ಚಳ ಅರ್ಧ ತೆರೆದಿತ್ತು.

"ಅಜ್ಜಿ, ಕೋಟಿಗೆ ಯಾಕೆ ಆರೇ ಗುಂಡಿ?"

ಅಜ್ಜಿ ಬಟ್ಟೆಯ ಮಡಿಕೆ ಸರಿಮಾಡಿಕೊಂಡು ಸೂಜಿ ಚುಚ್ಚಿದಳು. ಆಮೇಲೆ ಹೇಳಿದಳು.

"ನಿಮ್ಮಪ್ಪನಿಗಿಂತ ಮುಂಚೆ ನನಗೊಬ್ಬಳು ಮಗಳಿದ್ದಳು ಕಣೇ. ಚುಕ್ಕಿ ಅಂತ ಕರೀತಿದ್ದೆ. ಆ ಕೋಟು ಅವಳದು. ಶಾಲೆ ತೆರೆಯೋ ಕಾಲ, ಅಂಗಡೀಲಿ ಸಮವಸ್ತ್ರದ ರಾಶಿ. ಅವಳಿಗೆ ಜ್ವರ. ಮನೇಲಿ ಬಿಡೋಕೆ ಯಾರೂ ಇಲ್ಲ, ಅಂಗಡಿಗೇ ಕರ್ಕೊಂಡು ಹೋಗಿ ಮಿಷನ್ ಕೆಳಗೆ ಚಿಂದಿ ಬಟ್ಟೆ ಹಾಸಿ ಮಲಗಿಸ್ತಿದ್ದೆ. ಅಳಬಾರದು ಅಂತ ಕಥೆ ಕಟ್ಟಿದೆ. ದಿನಕ್ಕೊಂದು ಗುಂಡಿ ಹಾಕಿ, ಗುಂಡಿಗೊಂದು ಕಥೆ. ಆರು ದಿನ ಆರು ಕಥೆ. ಅದೇ ಕಣೇ, ನೀನು ಕೇಳಿದ್ದೆಲ್ಲ."

"ಏಳನೇ ದಿನ?"

"ಏಳನೇ ದಿನ, 'ಅಮ್ಮ, ಈ ಗುಂಡಿ ಎಲ್ಲಿಗೆ ಹೋಗುತ್ತೆ?' ಅಂದ್ಳು. ಮಾಲೀಕ ತಲೆ ಮೇಲೆ ನಿಂತಿದ್ದ. 'ಇರು ಪುಟ್ಟಾ, ಇನ್ನು ಹನ್ನೆರಡು ಅಂಗಿ ಇದೆ, ನಾಳೆ ಹೇಳ್ತೀನಿ,' ಅಂದೆ. ಹನ್ನೆರಡೂ ಮುಗಿಸಿ ಬಗ್ಗಿ ನೋಡಿದೆ."

ದಾರ ಆಗಲೇ ತೀರಿತ್ತು. ಅಜ್ಜಿ ಖಾಲಿ ಸೂಜಿಯನ್ನೇ ಬಟ್ಟೆಯಲ್ಲಿ ಹಾಯಿಸುತ್ತಾ ಹೇಳುತ್ತಲೇ ಹೋದಳು. ಅವಳ ಕಾನೂನು ಅವತ್ತೊಂದೇ ದಿನ ಮುರಿದದ್ದು.

"ಏನು ಹೇಳಬೇಕಿತ್ತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ನಲವತ್ತನಾಲ್ಕು ವರ್ಷ ಆಯ್ತು. ಇದು ಕಥೆಯಲ್ಲ ಕಣೇ ಗಿಣಿ. ಯಾರಿಗೂ ಹೇಳ್ಬೇಡ."

ಎಂದೂ ಬಾಯಿ ಮುಚ್ಚದ ಹುಡುಗಿ ಡಬ್ಬವನ್ನು ಎರಡೂ ಕೈಯಿಂದ ಅವುಚಿ ಹಿಡಿದಿದ್ದಳು. "ನಾನು ಹೇಳಲ್ಲ ಅಜ್ಜಿ," ಎಂದಳು. ಮುಖ ಬಿಳಿಚಿಕೊಂಡಿತ್ತು. ಪಾಪ, ಮಗು ಹೆದರಿತು ಎಂದುಕೊಂಡಳು ಅಜ್ಜಿ.

ಅದಾದ ವಾರಕ್ಕೆ ಮಗನ ಮುಖ ಅರಳಿತು. ಕೋಣೆಯಿಂದ ಟಪಟಪ ಕೀಲಿಮಣೆಯ ಸದ್ದು ಕೇಳತೊಡಗಿತು. ಮನೆಗೆ ಮೀನು ಬಂತು, ಅಜ್ಜಿಗೆ ಹೊಸ ಕನ್ನಡಕ ಬಂತು. ತಾನೇ ಬಂದು ಅಮ್ಮನ ತಟ್ಟೆಗೆ ಬಡಿಸಿದ.

"ಏಳನೇದು ಬರೆದುಬಿಟ್ಯಂತೆ?" ಎಂದಳು ಅಜ್ಜಿ. ಎಷ್ಟೋ ದಿನದ ಮೇಲೆ ನೇರವಾಗಿ ಆಡಿದ ಮಾತು.

"ಬರೆದೆ ಅಮ್ಮ."

"ಎಲ್ಲಿಂದ ತಂದೆ?"

"ಬಂತು," ಎಂದು ಅವನು ಮೀನಿನ ಮುಳ್ಳು ಬಿಡಿಸುವುದರಲ್ಲಿ ಮಗ್ನನಾದ. ಆಮೇಲೆ, "ಅಮ್ಮ, ಈ ಸಲ ನಿನ್ನ ಸಾಲು ಹಾಕಿದೀನಿ. ಕೊನೇ ಪುಟದಲ್ಲಲ್ಲ, ಮೊದಲನೇ ಪುಟದಲ್ಲೇ. ಬಿಡುಗಡೆಗೆ ನೀನು ಬರಲೇಬೇಕು."

ಹೆತ್ತವರಿಗೆ ಹೆಗ್ಗಣ ಮುದ್ದು. ಅಷ್ಟು ಮಾತಿಗೆ ಅಜ್ಜಿಯ ಎರಡು ತಿಂಗಳ ಹಟ ಕರಗಿ ನೀರಾಯಿತು. ಕೋಟನ್ನು ವೇದಿಕೆಯ ಮೇಲೆ ಇಡೋಣವೇ ಎಂದು ಸೊಸೆ ಅಂಜುತ್ತಾ ಕೇಳಿದಾಗ, ತಾನೇ ಪೆಟ್ಟಿಗೆಯಿಂದ ತೆಗೆದು, ಬ್ರಷ್ ಮಾಡಿ, ಕೊರಳಪಟ್ಟಿಗೆ ಇಸ್ತ್ರಿ ಕೊಟ್ಟು, "ಜೋಪಾನ," ಎಂದು ಕೈಗಿಟ್ಟಳು. ತನ್ನ ಹೆಸರೇ ಮೊದಲ ಪುಟದಲ್ಲಿ ಬರುವಾಗ ಕೋಟು ಪೆಟ್ಟಿಗೆಯಲ್ಲಿ ಯಾಕಿರಬೇಕು? ಆ ದಿನಗಳಲ್ಲೆಲ್ಲ ಗಿಣಿ ಮಾತ್ರ ಅಜ್ಜಿಯ ಹತ್ತಿರ ಸುಳಿಯಲಿಲ್ಲ. ಹೊಟ್ಟೆನೋವು ಎಂದಳು, ತಲೆನೋವು ಎಂದಳು.

ಬಿಡುಗಡೆ ಒಂದು ಶಾಲೆಯ ಸಭಾಂಗಣದಲ್ಲಿ. ಮುನ್ನೂರು ಮಕ್ಕಳು, ಎಲ್ಲರ ಕೊರಳಲ್ಲೂ ಬಣ್ಣದ ರಟ್ಟಿನ ಗುಂಡಿ. ಅಜ್ಜಿಯನ್ನು ಮೊದಲ ಸಾಲಿನಲ್ಲಿ ಕೂರಿಸಿದರು. "ಲೇಖಕರ ತಾಯಿಯವರೂ ನಮ್ಮೊಂದಿಗಿದ್ದಾರೆ," ಎಂದು ನಿರೂಪಕಿ ಹೇಳಿದಾಗ ಚಪ್ಪಾಳೆ ಬಿತ್ತು. ಯಾರೋ ಒಂದು ಪ್ರತಿಯನ್ನು ಕೈಗಿಟ್ಟರು. ಅಜ್ಜಿ ಹೊಸ ಕನ್ನಡಕ ಹಾಕಿಕೊಂಡು ಮೊದಲ ಪುಟ ತೆರೆದಳು.

'ಅಮ್ಮನಿಗೆ: ನಾನು ಬರೆಯಲೆಂದು ಬಟ್ಟೆ ಹೊಲಿದವಳಿಗೆ.'

ಮೂರು ಸಲ ಓದಿದಳು. ಪುಟ ತಿರುವಿ ಹಿಂದೆ ನೋಡಿದಳು, ಮುಂದೆ ನೋಡಿದಳು. ಹೆಸರಿಲ್ಲ. ಕಥೆ ಎಂಬ ಮಾತೇ ಇಲ್ಲ.

ಅಷ್ಟರಲ್ಲಿ ವೇದಿಕೆಯ ಮೇಲೆ ಮಗ ಓದಲು ಶುರು ಮಾಡಿದ್ದ. ದನಿ ಚೆನ್ನಾಗಿತ್ತು. ಅದೂ ಅಜ್ಜಿಯ ದನಿಯ ಏರಿಳಿತವೇ.

"ಹೊಲಿಗೆ ಮಿಷನ್ನಿನ ಕೆಳಗೆ, ಚಿಂದಿ ಬಟ್ಟೆಯ ಹಾಸಿಗೆಯ ಮೇಲೆ ಚುಕ್ಕಿ ಜ್ವರದಿಂದ ಮಲಗಿದ್ದಳು. 'ಅಮ್ಮ, ಈ ಗುಂಡಿ ಎಲ್ಲಿಗೆ ಹೋಗುತ್ತೆ?' ಎಂದಳು. ಅಮ್ಮ ರಾಶಿ ಬಟ್ಟೆಯನ್ನು ಆಚೆ ತಳ್ಳಿದಳು. ಏಳನೇ ಗುಂಡಿಯನ್ನು ಹೊಲಿದಳು. ಚುಕ್ಕಿಯ ಜ್ವರ ಇಳಿಯಿತು. ಬಾಗಿಲು ತೆರೆಯಿತು."

ಮಕ್ಕಳು ಹೋ ಎಂದರು. ಅಜ್ಜಿ ಪಕ್ಕಕ್ಕೆ ತಿರುಗಿ ಗಿಣಿಯನ್ನು ನೋಡಿದಳು. ಗಿಣಿ ತಲೆ ತಗ್ಗಿಸಿ ತನ್ನ ಬೂಟಿನ ದಾರ ನೋಡುತ್ತಿದ್ದಳು. ಕೇಳುವುದೇನೂ ಉಳಿಯಲಿಲ್ಲ. ರಾಶಿ ಬಟ್ಟೆ ಆಚೆ ತಳ್ಳಿದಳಂತೆ! ನಲವತ್ತನಾಲ್ಕು ವರ್ಷ ಈ ತಾಯಿಯ ಕೈಯಲ್ಲಿ ಆಗದ್ದನ್ನು ಅವನು ಒಂದು ಸಾಲಿನಲ್ಲಿ ಮುಗಿಸಿಬಿಟ್ಟಿದ್ದ.

ಹಿಂದಿನ ಸಾಲಿನ ಒಬ್ಬ ಪುಟ್ಟ ಹುಡುಗಿ ಎದ್ದು ಕೇಳಿದಳು, "ಸರ್, ಚುಕ್ಕಿ ನಿಜವಾಗ್ಲೂ ಇದ್ದಾಳಾ?"

"ನನ್ನ ಕಲ್ಪನೆಯಲ್ಲಿದ್ದಾಳೆ ಪುಟ್ಟಾ," ಎಂದು ಮಗ ನಕ್ಕು, ಪಕ್ಕದ ಸ್ಟ್ಯಾಂಡಿನ ಮೇಲಿದ್ದ ಪರದೆ ಎಳೆದ. "ಅವಳ ಕೋಟು ಮಾತ್ರ ಇಲ್ಲೇ ಇದೆ, ನೋಡಿ!"

ಕೆಂಪು ಕೋಟು. ಅದರ ಮೇಲೆ ಏಳು ಗುಂಡಿ. ಏಳನೆಯದು ಚಿನ್ನದ ಬಣ್ಣದ ಪ್ಲಾಸ್ಟಿಕ್ಕು, ಕಪ್ಪು ದಾರದಲ್ಲಿ ನಾಲ್ಕೇ ಹೊಲಿಗೆ ಹಾಕಿ, ಗಂಟನ್ನು ಮೇಲುಗಡೆಯೇ ಕಾಣುವಂತೆ ಬಿಟ್ಟಿದ್ದರು. ಕಲಿಯಲು ಬಂದ ಮೊದಲ ದಿನದ ಹುಡುಗಿಯೂ ಹಾಗೆ ಹೊಲಿಯಲಾರಳು.

ಅಜ್ಜಿ ಎದ್ದಳು. ಮುದುಕಿ ಮಾತಾಡಲು ಬರುತ್ತಿದ್ದಾಳೆಂದು ಜನ ದಾರಿ ಬಿಟ್ಟರು, ಯಾರೋ ಕೈ ಹಿಡಿದು ಮೆಟ್ಟಿಲು ಹತ್ತಿಸಿದರು. ಕೈಚೀಲದಲ್ಲಿ ದಾರ ಕತ್ತರಿಸುವ ಪುಟ್ಟ ಕತ್ತರಿ ಎಂದೂ ಇರುತ್ತಿತ್ತು. ಕೋಟಿನ ಮುಂದೆ ನಿಂತು, ಬಟ್ಟೆಗೆ ತಾಗದ ಹಾಗೆ, ನಾಲ್ಕು ಹೊಲಿಗೆಯನ್ನೂ ಕತ್ತರಿಸಿ ಗುಂಡಿ ತೆಗೆದಳು.

"ಅಮ್ಮ, ಏನು ಮಾಡ್ತಿದೀಯ?" ಎಂದ ಮಗ, ತುಟಿ ಅಲ್ಲಾಡಿಸದೆ.

ಅಜ್ಜಿ ಗುಂಡಿಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ಇದೊಂದೇ ನಿಂದು. ಮಿಕ್ಕ ಆರೂ ನಂದು."

ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು ಮುನ್ನೂರು ಮಕ್ಕಳೂ ತಟ್ಟಿದರು, ಪ್ರಕಾಶಕ ಎದ್ದು ನಿಂತು ತಟ್ಟಿದ. ಛಾಯಾಗ್ರಾಹಕ ಓಡಿ ಬಂದ. "ಅಜ್ಜೀ, ತುಂಬಾ ಚೆನ್ನಾಗಿತ್ತು! ನನಗೆ ಸಿಗಲಿಲ್ಲ. ಇನ್ನೊಂದ್ಸಲ ಕತ್ತರಿಸಿ, ಈ ಕಡೆ ನೋಡಿ." ಅಜ್ಜಿ ಕೋಟನ್ನು ಸ್ಟ್ಯಾಂಡಿನಿಂದ ಇಳಿಸಿ ಮಡಚಿ ಕಂಕುಳಲ್ಲಿಟ್ಟುಕೊಂಡು ನಡೆದುಬಿಟ್ಟಳು.

ಪುಸ್ತಕ ಚೆನ್ನಾಗಿ ಹೋಯಿತು. ಮಗ ಮನೆಯಲ್ಲಿ ತಲೆ ತಗ್ಗಿಸಿ ಓಡಾಡಿದ. ಎರಡು ಸಲ ಅಮ್ಮನ ಬಾಗಿಲವರೆಗೆ ಬಂದು ಹಿಂದಿರುಗಿದ. ಸೊಸೆ ಒಂದು ಪಾಳಿ ಬಿಟ್ಟಳು. ಅಜ್ಜಿ ಅಡುಗೆ ಮನೆಯಲ್ಲೇ ಒಬ್ಬಳೇ ಊಟ ಮಾಡತೊಡಗಿದಳು.

ಎರಡನೇ ವಾರ ಗಿಣಿ ಸೂಜಿ ಹಿಡಿದು ಬಂದಳು. ಸರಿಯಾಗಿ ಎರಡು ಮೊಳ ದಾರ, ಒಂದು ಎಳೆಯೂ ಹೆಚ್ಚಿಲ್ಲ.

"ನಾನು ಯಾರಿಗೂ ಹೇಳ್ಲಿಲ್ಲ ಅಜ್ಜಿ. ಗುಂಡಿ ಡಬ್ಬದಲ್ಲಿ ಅಪ್ಪನ ಫೋನ್ ಇತ್ತು, ರೆಕಾರ್ಡ್ ಆಗ್ತಾ ಇತ್ತು. ನಿನ್ನ ಕಥೆ ಕಳೆದುಹೋಗ್ಬಾರ್ದು, ಅದಕ್ಕೆ ಇಡು ಅಂದ್ರು. ಅದು ಕಥೆಯಲ್ಲ ಅಂತ ನನಗೆ ಮೊದಲೇ ಗೊತ್ತಿರ್ಲಿಲ್ಲ ಅಜ್ಜಿ."

"ಹೂಂ," ಎಂದಳು ಅಜ್ಜಿ. ಬೈಯಲಿಲ್ಲ. ಸೂಜಿ ತೆಗೆದುಕೊಂಡು ಪ್ಯಾಂಟಿನ ಕಾಲು ಮಡಚಿ ಹೊಲಿಯತೊಡಗಿದಳು. ಗಿಣಿ ಗಲ್ಲಕ್ಕೆ ಕೈಕೊಟ್ಟು ಕಾದಳು. ದಾರ ಅರ್ಧವಾಯಿತು, ಕಾಲಾಯಿತು. ಕಥೆ ಬರಲಿಲ್ಲ.

ಕಿಟಕಿಯಾಚೆ ಬೀದಿಯಲ್ಲಿ ಮಕ್ಕಳು ಆಡುತ್ತಿದ್ದರು. ರಟ್ಟಿನ ಗುಂಡಿ ತೊಟ್ಟುಕೊಂಡು ನಾನು ಚುಕ್ಕಿ, ನಾನು ಚುಕ್ಕಿ ಎಂದು ಕಿತ್ತಾಡುತ್ತಿದ್ದರು. ಅವರಲ್ಲೊಬ್ಬಳು ಗಂಟಲು ಹರಿಯುವಂತೆ ಕೂಗಿದಳು: "ಚುಕ್ಕೀ! ಬಾರೇ, ಹೊತ್ತಾಯ್ತು!"

ಅಜ್ಜಿಯ ಕೈ ನಿಂತಿತು. ತನ್ನ ಬಾಯಿ ಬಿಟ್ಟರೆ ಬೇರೆ ಯಾವ ಬಾಯಿಯಲ್ಲೂ ಆ ಹೆಸರು ಹೀಗೆ ಕರೆಯಾಗಿ ಬಂದದ್ದಿಲ್ಲ. ಯಾರಾದರೂ ಓಗೊಡುತ್ತಾರೇನೋ ಎಂಬಂತೆ ಒಂದು ಗಳಿಗೆ ಕಿವಿಗೊಟ್ಟಳು. "ಬಂದೇ!" ಎಂದಿತು ಯಾವುದೋ ಮಗುವಿನ ದನಿ. ಅಜ್ಜಿ ಎದ್ದು ಕಿಟಕಿ ಮುಚ್ಚಿ, ಚಿಲಕ ಹಾಕಿ, ಬಂದು ಕೂತು ಉಳಿದ ದಾರವನ್ನು ಹಲ್ಲಿನಿಂದ ಕಡಿದಳು.